ಸೀಟಿ ಹೊಡೆಯದ ಕುಕ್ಕರ್

ಅಟ್ಟದ ಮೇಲಿನಿಂದ ಸ್ಲೋ ಕುಕ್ಕರನ್ನು ಇಳಿಸಿದ್ದು ಮೊನ್ನೆ ಶನಿವಾರ. ಸುತ್ತಿದ್ದ ಹಳೆಯ ಲುಂಗಿಯನ್ನು ಬಿಚ್ಚುತ್ತಿದ್ದಂತೆ ಬೆಳ್ಳುಳ್ಳಿಯ ವಾಸನೆ ಬಂತು. ವರ್ಷದ ಹತ್ತಿರ ಯಾರೂ ಅದನ್ನು ಮುಟ್ಟಿರಲಿಲ್ಲ. ಒಳಗಿನ ಪಿಂಗಾಣಿ ಪಾತ್ರೆಯನ್ನು ಕೊನೆಯ ಸಲ ತಿಕ್ಕಿ, ಒರೆಸಿ ಇಟ್ಟವಳು ನಾನೇ. ನಿಮ್ಮ ಮನೆಯಲ್ಲೂ ಅಂಥದೊಂದು ಪಾತ್ರೆ ಇದ್ದೀತು, ಎಷ್ಟು ತೊಳೆದರೂ ತಾನು ಬೇಯಿಸಿದ್ದನ್ನು ಮರೆಯದೆ ಇರುವಂಥದ್ದು. ನಾನು ಏಣಿಯ ಬುಡದಲ್ಲೇ ಕುಳಿತುಬಿಟ್ಟೆ. ಒಳಗಿನಿಂದ ಅತ್ತೆ "ಏನಾತು?" ಅಂದರು. ಕಾಲು ಹಿಡಿದುಕೊಂಡಿದೆ ಅಂದೆ.

ನಮ್ಮ ಮನೆಯವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದರು. ಅವರ ಊರು ದೇವದುರ್ಗ ತಾಲೂಕಿನ ಜಾಲಹಳ್ಳಿ, ನನ್ನದು ಮಾನ್ವಿ. ನನಗೆ ರಾಯಚೂರಿನಲ್ಲಿ ಕಾಲೇಜಿನ ಗ್ರಂಥಾಲಯದ ಅಟೆಂಡರ್ ಕೆಲಸ ಸಿಕ್ಕ ಮೇಲೆ ಇಲ್ಲಿ ಬಾಡಿಗೆ ಮನೆ ಹುಡುಕಿದೆವು. ನಮ್ಮಂಥವರು ಮನೆ ಹುಡುಕುವುದು ಹೇಗಿರುತ್ತದೆ ಅನ್ನುವುದನ್ನು ಉದ್ದಕ್ಕೆ ಹೇಳುವುದಿಲ್ಲ. ಮೊದಲು ಊರು ಕೇಳುತ್ತಾರೆ. ಆಮೇಲೆ ಊರಿನಲ್ಲಿ ಯಾವ ಓಣಿ ಅಂತ ಕೇಳುತ್ತಾರೆ. ಅಷ್ಟು ಹೇಳುವುದರೊಳಗೆ ಆ ಮನೆ ನಿನ್ನೆಯೇ ಬೇರೆಯವರಿಗೆ ಹೋಗಿಬಿಟ್ಟಿರುತ್ತದೆ.

ಕೊನೆಗೆ ಸಿಕ್ಕದ್ದು ಈ ಮಹಡಿ ಮನೆ. ಕೆಳಗೆ ಒಡತಿ ಒಬ್ಬರೇ ಇರುತ್ತಾರೆ. ನಾವು ಅವರನ್ನು ಅಮ್ಮಾರು ಅನ್ನುತ್ತೇವೆ. ಮಾಂಸ ಮುಟ್ಟುವವರಲ್ಲ. ಬೀಗದ ಕೈ ಕೊಡುವಾಗ, "ನೀವು ಏನ್ ತಿಂತೀರಿ ಅಂತ ನಾ ಕೇಳಂಗಿಲ್ಲ. ನೀವೂ ನನಗ ಗೊತ್ತ ಮಾಡಬ್ಯಾಡ್ರಿ" ಅಂದಿದ್ದರು.

ಆ ಮಾತನ್ನು ನಮ್ಮ ಮನೆಯವರು ಇಂಜಿನ್ ಬಿಚ್ಚಿದ ಹಾಗೆ ಬಿಚ್ಚಿ ನೋಡಿದರು. ಗುಟ್ಟು ರಟ್ಟು ಮಾಡುವುದು ಕುಕ್ಕರಿನ ಸೀಟಿ ಅನ್ನುವುದು ಅವರ ಲೆಕ್ಕ. ಬೇಳೆಗೆ, ಅನ್ನಕ್ಕೆ ಒಂದೆರಡು ಸೀಟಿ ಸಾಕು. ಭಾನುವಾರ ಹೊತ್ತೇರಿದ ಮೇಲೆ ಕುಕ್ಕರ್ ಕೂಗುತ್ತಲೇ ಹೋದರೆ ಓಣಿಗೆಲ್ಲ ತಿಳಿಯುತ್ತದೆ. "ಮಗ್ಗಿ ಹೇಳೋ ಹುಡುಗ್ರಂಗ ಕುಂತು ಎಣಸ್ತಾರಲೇ" ಅನ್ನುತ್ತಿದ್ದರು. ಹಾಗಾಗಿ ಒಂದು ದಿನ ಗಲ್ಫ್‌ನಿಂದ ಬಂದ ಸಾಮಾನು ಮಾರುವ ಅಂಗಡಿಯಿಂದ ಈ ಕುಕ್ಕರನ್ನು ಹೊತ್ತು ತಂದರು. ದಪ್ಪ ಪಿಂಗಾಣಿ ಪಾತ್ರೆ, ಗಾಜಿನ ಮುಚ್ಚಳ, ಮುಂದೊಂದು ಸಣ್ಣ ಕೆಂಪು ದೀಪ.

"ನೋಡಿಲ್ಲಿ, ಸೀಟಿಲ್ಲ, ಸದ್ದಿಲ್ಲ. ಮುಂಜಾನಿ ಹಚ್ಚಿದ್ರ ಮಧ್ಯಾಹ್ನಕ್ಕ ತಾನ ಬೇಯ್ತದ. ಬಾಜೂ ಖೋಲಿಗೂ ಗೊತ್ತಾಗಂಗಿಲ್ಲ."

ಅವರ ಜಾಣತನದಲ್ಲಿ ಒಂದು ತೂತಿತ್ತು. ಸೀಟಿಯ ಕುಕ್ಕರ್ ಸ್ವಲ್ಪ ಹೊತ್ತು ಗದ್ದಲ ಮಾಡಿ ಸುಮ್ಮನಾಗುತ್ತದೆ. ಇದು ಮುಂಜಾನೆಯಿಂದ ಉಣ್ಣುವ ಹೊತ್ತಿನವರೆಗೆ ಸಾಧುವಿನ ಹಾಗೆ ಕೂತು, ಬೆಳ್ಳುಳ್ಳಿ, ಖಾರ, ಕೊಬ್ಬಿನ ವಾಸನೆಯನ್ನು ಬಿಡದೆ ಮೆಟ್ಟಿಲಿಳಿಸಿ ಕೆಳಗೆ ಕಳಿಸುತ್ತಲೇ ಇರುತ್ತದೆ. ಮೊದಲ ಭಾನುವಾರವೇ ಅಮ್ಮಾರು ಮೆಟ್ಟಿಲ ಬುಡದಿಂದ ಕೂಗಿದರು.

"ಏನ್ರೀ, ಮುಂಜಾನಿಂದ ಏನ್ ಕುದಸಾಕತ್ತೀರಿ?"

ನಾನು ಗೋಡೆಗೆ ಅಂಟಿಕೊಂಡೆ. ಇವರು ಕೆಳಗೆ ಬಗ್ಗಿ, "ಔಷಧರೀ ಅಮ್ಮಾರ, ಸೊಂಟದ ನೋವಿಗೆ. ಬಸ್ಸಿನ ಕೆಳಗ ಮಲಗೋ ನೌಕರಿ ನೋಡ್ರಿ ನಮ್ದು" ಅಂದರು.

ಅವತ್ತಿನಿಂದ ಭಾನುವಾರಕ್ಕೊಮ್ಮೆ ಔಷಧ. ಕೆಲವು ತಿಂಗಳು ಹೋದ ಮೇಲೆ ಅಮ್ಮಾರು ಇವರನ್ನು ಗೇಟಿನಲ್ಲಿ ನಿಲ್ಲಿಸಿ, "ನಿಮ್ಮ ಔಷಧಕ್ಕ ಬಳ್ಳೊಳ್ಳಿ ಸ್ವಲ್ಪ ಕಮ್ಮಿ ಹಾಕ್ರಿ, ನನಗ ತಲಿ ನೋಯ್ತದ" ಅಂದರಂತೆ. ಇವರು ಮೇಲೆ ಬಂದು ಚಾಪೆಯ ಮೇಲೆ ಹೊರಳಾಡಿ ನಕ್ಕರು. ನನಗೂ ನಗು ಬಂತು. ಅದರ ಜೊತೆಗೆ ಮತ್ತೇನೋ ಕೂಡ. ಅಮ್ಮಾರಿಗೆ ಗೊತ್ತಿತ್ತು, ಅವರಿಗೆ ಗೊತ್ತಿರುವುದು ನಮಗೂ ಗೊತ್ತಿತ್ತು. ಆದರೂ ಔಷಧ ಅನ್ನುವ ಮಾತು ಎರಡೂ ಮನೆಗೆ ಬೇಕಾಗಿತ್ತು.

ಆ ಔಷಧ ಯಾವುದು ಅಂತ ನಿಮಗೆ ಹೇಳಲೇ ಇಲ್ಲ. ಕುರಿಯ ಕರುಳಿನೊಳಗೆ ಖಾರದ ಹೂರಣ ತುಂಬಿ, ನೂಲಿನಿಂದ ಗೇಣುಗೇಣಿಗೆ ಕಟ್ಟಿ, ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಬೇಯಿಸುವುದು. ಜಾಲಹಳ್ಳಿಯಲ್ಲಿ ಅತ್ತೆ ಮಣ್ಣಿನ ಗಡಿಗೆಯಲ್ಲಿ, ಕುಳ್ಳಿನ ಕೆಂಡದ ಮೇಲೆ ಮಾಡುತ್ತಿದ್ದರು. ಅವರು ಜೋಳದ ನುಚ್ಚು ಹಾಕುತ್ತಿದ್ದರು. ಮದುವೆಯಾದ ಮೇಲೆ ಇವರು ಅದಕ್ಕೆ ನಮ್ಮ ಮಾನ್ವಿಯ ಅಕ್ಕಿ ನುಚ್ಚು ಹಾಕಲು ಶುರು ಮಾಡಿದರು. ಅತ್ತೆ ಅದನ್ನು ಕ್ಷಮಿಸಿರಲಿಲ್ಲ. "ಹೆಂಡ್ತಿ ಊರಿನ ನುಚ್ಚು ಬಂತು, ಅವ್ವನ ಊರಿನ ಜ್ವಾಳ ಕಹಿ ಆತು" ಅನ್ನುತ್ತಿದ್ದರು, ತಿನ್ನುತ್ತಲೇ. ನಮ್ಮ ಮಗಳು ಕಲಬುರಗಿಯಲ್ಲಿ ನರ್ಸಿಂಗ್ ಓದುತ್ತಾಳೆ. ರಜೆಗೆ ಬಂದಾಗ ಒಮ್ಮೆ ಫೋನಿನಲ್ಲಿ ಚಿತ್ರ ತೋರಿಸಿ, "ಪಪ್ಪಾ, ಇದಕ್ಕ ಸಾಸೇಜ್ ಅಂತಾರ" ಅಂದಳು. "ನಮ್ಮವ್ವ ಮಾಡಿದ್ರ ಕರಳು, ದೊಡ್ಡ ಹೋಟೆಲ್‌ದಾಗ ಮಾಡಿದ್ರ ಸಾಸೇಜೇನು?" ಅಂದು ಇವರು ನೂಲಿನ ಗಂಟು ಬಿಗಿದರು.

ಮನೆಯಲ್ಲಿ ಅದನ್ನು ಅವರೊಬ್ಬರೇ ಮಾಡುತ್ತಿದ್ದರು. ಕರುಳನ್ನು ತಿರುವಿಹಾಕಿ ಅರಿಶಿನ, ಉಪ್ಪು, ಬಿಸಿನೀರಿನಲ್ಲಿ ತೊಳೆಯುವುದು, ಕಾರಜ ಅಂದರೆ ಲಿವರ್, ಕೊಬ್ಬು, ಉಳ್ಳಾಗಡ್ಡಿಯನ್ನು ಸಣ್ಣಗೆ ಕೊಚ್ಚುವುದು, ಎಲ್ಲ ಅವರದೇ. ತುಂಬಲು ಡಿಪೋದವರು ಎಣ್ಣೆ ಹಾಕಲು ಬಳಸುವಂಥ ಲಾಳಿಕೆ. "ಹೊಸಾದಲೇ, ಡೀಸೆಲ್ ಮುಖ ನೋಡಿಲ್ಲ ಇದು" ಅಂತ ಆಣೆ ಮಾಡುತ್ತಿದ್ದರು. ನನ್ನ ಕೆಲಸ ಕರುಳಿನ ಇನ್ನೊಂದು ತುದಿ ಹಿಡಿದು ನಿಲ್ಲುವುದು. ಇಷ್ಟು ವರ್ಷ ತುದಿ ಹಿಡಿದು ನಿಂತವಳು ಖಾರ ಎಷ್ಟು ಹಾಕುತ್ತಾರೆ ಅಂತ ಒಮ್ಮೆಯೂ ಕೇಳಲಿಲ್ಲ. ಯಾಕೆ ಕೇಳಬೇಕಿತ್ತು? ಮಾಡುವವರು ಇದ್ದರಲ್ಲ.

ಹೋದ ವರ್ಷ ದಸರೆಯ ಮುಂಚೆ, ಎದೆ ನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ.

ಅತ್ತೆ ಈಚೆಗೆ ಕಣ್ಣು ತೋರಿಸಬೇಕು ಅಂತ ಜಾಲಹಳ್ಳಿಯಿಂದ ಬಂದಿದ್ದರು. ಬಸ್ಸಿನಿಂದ ಇಳಿದಾಗ ನೋಡಿದೆ, ಸೀರೆಯೊಳಗೆ ಮನುಷ್ಯರೇ ಇಲ್ಲದ ಹಾಗೆ ಸೊರಗಿದ್ದರು. ತಟ್ಟೆಗೆ ಹಾಕಿದ್ದನ್ನು ಒಂದೆರಡು ತುತ್ತು ಉಂಡು ಕೈ ತೊಳೆಯುತ್ತಿದ್ದರು. ಹೀಗೇ ಆದರೆ ಈ ಜೀವವೂ ಹೋಗುತ್ತದೆ ಅನ್ನಿಸಿ ನನಗೆ ಹೆದರಿಕೆಯಾಯಿತು. ಏನು ಮಾಡಿಕೊಡಲಿ ಅಂತ ಕೇಳಿ ಕೇಳಿ ಸಾಕಾದ ಮೇಲೆ, ಅವರು ಗೋಡೆಯ ಕಡೆ ಮುಖ ಮಾಡಿಕೊಂಡೇ, "ಅಂವ ಮಾಡ್ತಿದ್ದನಲ್ಲ, ಕರಳು. ಅದನ್ನ ಮಾಡು" ಅಂದರು. ಅದಕ್ಕೇ ನಾನು ಶನಿವಾರ ಏಣಿ ಹತ್ತಿದ್ದು.

ಭಾನುವಾರ ಬೆಳಿಗ್ಗೆ ಮಾಂಸದ ಅಂಗಡಿಗೆ ಹೋದೆ. ಅಂಗಡಿಯ ಭಾಯಿ ದೂರದಿಂದಲೇ ಗುರುತು ಹಿಡಿದ.

"ಅಣ್ಣಾರು ಎಲ್ಲಿ ಭಾಬೀ? ಭಾಳ ದಿನ ಆತು. ಬ್ಯಾರೆ ದುಕಾನ್ ಹಿಡದಾರೇನು?"

"ತೀರಿಕೊಂಡ್ರು ಭಾಯಿ. ಹ್ವಾದ ವರ್ಷ."

ಅವನು ಕತ್ತಿ ಕೆಳಗಿಟ್ಟ. "ಯಾ ಅಲ್ಲಾ" ಅಂದ. ಕರುಳನ್ನು ತೂಗಿ ಕಟ್ಟಿ ಕೊಡುವ ಬದಲು, ಬಂದ ಗಿರಾಕಿಗಳನ್ನು ನಿಲ್ಲಿಸಿ, ನಲ್ಲಿಯ ಕೆಳಗೆ ಕೂತು ತಾನೇ ತೊಳೆಯತೊಡಗಿದ. ಇವರು ಬದುಕಿದ್ದಾಗ ಅವನಿಗೆ ತೊಳೆಯಲು ಬಿಡುತ್ತಿರಲಿಲ್ಲ. "ನೀ ತೊಳದ್ರ ಅರ್ಧ ಹೊಲಸು ಹಂಗ ಇರ್ತದ" ಅಂತ ಪ್ರತಿ ವಾರ ಜಗಳ. "ಅಣ್ಣಾರು ತೊಳದಂಗ ತೊಳದೀನಿ ಭಾಬೀ, ನೋಡ್ಕೋರಿ" ಅಂತ ಚೀಲ ಕೈಗಿಟ್ಟ. ಮನೆಗೆ ಬಂದು ಮತ್ತೊಮ್ಮೆ ತೊಳೆದೆ. ತೆಗೆಯಲು ಏನೂ ಉಳಿದಿರಲಿಲ್ಲ.

ಖಾರದ ಡಬ್ಬಿಯ ಮುಂದೆ ಮಾತ್ರ ಸೋತೆ. ಇವರು ಮುಷ್ಟಿಯಿಂದ ಹಾಕುತ್ತಿದ್ದರು. ಅವರ ಕೈ ಎಷ್ಟು ದೊಡ್ಡದು, ಆ ಮುಷ್ಟಿಯೊಳಗೆ ಎಷ್ಟು ಹಿಡಿಯುತ್ತಿತ್ತು? ನನ್ನ ಮುಷ್ಟಿಯನ್ನು ಮುಚ್ಚಿ ನೋಡಿದೆ, ತೆರೆದು ನೋಡಿದೆ. ಆ ಕೈಯನ್ನು ನಾನು ಎಷ್ಟು ಸಲ ಹಿಡಿದಿದ್ದೇನೆ. ಅಳತೆ ಮಾತ್ರ ತಿಳಿಯದು. ಕೊನೆಗೆ ಕಣ್ಣು ಮುಚ್ಚಿ ಹಾಕಿದೆ.

ತುಂಬುವಾಗ ಅತ್ತೆ ಬಂದು ತುದಿ ಹಿಡಿದುಕೊಂಡರು. ಕುಕ್ಕರಿನ ಗುಂಡಿ ಒತ್ತಿ ನಾನು ಬಟ್ಟೆ ನೆನೆಸಲು ಹೋದೆ. ಬಂದು ನೋಡಿದರೆ ಅತ್ತೆ ಮುಚ್ಚಳ ತೆಗೆದು ಒಳಗೆ ಬಗ್ಗಿದ್ದಾರೆ. ಈ ಕುಕ್ಕರಿನ ಮುಚ್ಚಳ ತೆಗೆದರೆ ಒಳಗಿನ ಬಿಸಿಯೆಲ್ಲ ಹೋಗಿ ಬೇಯುವುದು ಹಿಂದೆ ಬೀಳುತ್ತದೆ. ಹೇಳಿದೆ. ತಲೆಯಾಡಿಸಿದರು. ನಾನು ಆ ಕಡೆ ತಿರುಗಿದೆನೋ ಇಲ್ಲವೋ, ಮತ್ತೆ ತೆಗೆದರು.

"ಅತ್ತೀ, ತಗೀಬ್ಯಾಡ್ರಿ ಅಂದ್ನಲ್ಲ."

"ಬೇಯಾಕತ್ತೈತೋ ಇಲ್ಲೋ ಹೆಂಗ ತಿಳೀಬೇಕು? ಉರಿ ಕಾಣಂಗಿಲ್ಲ, ಕೊತ ಕೊತ ಅನ್ನಂಗಿಲ್ಲ. ಮೈಗಳ್ಳ ಗಡಿಗಿ ಇದು." ಗಾಜಿಗೆ ಕಿವಿ ಇಟ್ಟು ಕೇಳಿದರು. "ಸತ್ತಂಗ ಕುಂತದಲ್ಲೇ..."

ಮಾತು ಬಾಯಿಂದ ಬಿದ್ದ ಮೇಲೆ ಅವರು ಸೆರಗಿನಿಂದ ಮುಚ್ಚಳದ ಮೇಲಿನ ನೀರು ಒರೆಸುತ್ತ ಕೂತರು, ಒರೆಸಿದ್ದನ್ನೇ ಒರೆಸುತ್ತ.

ಆಗ ಕರೆಂಟು ಹೋಯಿತು. ನಾಡಿಗೆಲ್ಲ ಕರೆಂಟು ಮಾಡಿ ಕಳಿಸುವ ಊರಿನಲ್ಲಿ ಕೂತು ಕರೆಂಟಿಗೆ ಕಾಯುವುದು ನಮಗೆ ರೂಢಿ. ಆದರೆ ಮಧ್ಯಾಹ್ನವಾದರೂ ಬರಲಿಲ್ಲ. ಒಳಗೆ ಕರುಳು ಅರೆಬೆಂದು ಬಿಳಿಚಿಕೊಂಡು ಕೂತಿತ್ತು. ಪಿಂಗಾಣಿ ಪಾತ್ರೆಯನ್ನು ಗ್ಯಾಸಿನ ಮೇಲೆ ಇಡುವ ಹಾಗಿಲ್ಲ. ನಾನು ಸೀಟಿಯ ಕುಕ್ಕರಿಗೆ ಕೈ ಹಾಕಿದೆ.

"ಅದರಾಗ ಹಾಕಿದ್ರ ಎಲ್ಲಾ ಒಡದು ಹುಗ್ಗಿ ಆಗ್ತದ," ಅಂದರು ಅತ್ತೆ. ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. "ದಪ್ಪ ತಳದ್ದೊಂದು ಪಾತ್ರಿ ಕೊಡು. ಮ್ಯಾಲೆ ಮಾಳಿಗಿಗೆ ನಡಿ."

"ಓಣಿಗೆಲ್ಲ ಹೊಗಿ ಹೋಗ್ತದ ಅತ್ತೀ."

"ಹೋಗ್ಲಿ. ಹೊಗಿ ಇರೋದ ಹೋಗಾಕ."

ನೀರಿನ ಟ್ಯಾಂಕ್ ಕಟ್ಟಿದಾಗ ಉಳಿದಿದ್ದ ಇಟ್ಟಿಗೆಗಳು ಒಲೆಯಾದವು. ತೆಂಗಿನ ಚಿಪ್ಪು, ಒಣಗಿದ ಬೇವಿನ ಕಡ್ಡಿ, ಒಂದು ಮುರುಕು ಪೆಟ್ಟಿಗೆ ಸೇರಿ ಉರಿಯಾಯಿತು, ಉರಿ ಇಳಿದು ಕೆಂಡವಾಯಿತು. ಅತ್ತೆಯ ಮುಖದ ಮೇಲೆ ಬೆವರು. ವಾಸನೆ ಈ ಸಲ ಮೆಟ್ಟಿಲು ಹುಡುಕಲಿಲ್ಲ, ಮಾಳಿಗೆಯಿಂದ ನೇರ ಓಣಿಗೆ ಇಳಿಯಿತು. ಕೆಳಗೆ ಅಂಗಳದಲ್ಲಿ ಅಮ್ಮಾರು ಬಟ್ಟೆ ಒಣಹಾಕುತ್ತಿದ್ದವರು ತಲೆ ಎತ್ತಿ ಹೊಗೆ ನೋಡಿದರು, ನನ್ನನ್ನು ನೋಡಿದರು. ಔಷಧ ಅನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ಅದನ್ನು ಅಷ್ಟು ಚೆಂದ ಹೇಳುವವರು ಇರಲಿಲ್ಲ.

"ಅತ್ತಿ ಊರಿಂದ ಬಂದಾರ್ರೀ ಅಮ್ಮಾರ. ಕರಳು ಮಾಡಾಕತ್ತೀವಿ."

ಅವರು ತಂತಿಯ ಕಡೆ ತಿರುಗಿದರು. "ಹೊಗಿ ಬಟ್ಟಿಗೆ ಹಿಡೀತದ. ತಡೀರಿ, ನಾ ತಗೋತೀನಿ" ಅಂದು, ಹಸಿ ಬಟ್ಟೆಗಳನ್ನು ಒಂದೊಂದಾಗಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿದರು, ಆದರೆ ಚಿಲಕದ ಸದ್ದು ಬರಲಿಲ್ಲ. ಅದನ್ನು ಏನಂತ ತಿಳಿಯಬೇಕೋ ನನಗೆ ಇನ್ನೂ ಗೊತ್ತಿಲ್ಲ.

ಟ್ಯಾಂಕಿನ ನೆರಳಲ್ಲಿ ಉಣ್ಣಲು ಕೂತೆವು. ಎರಡು ತಟ್ಟೆಗೂ ರೊಟ್ಟಿ, ಕರುಳು ಹಾಕಿ, ಅತ್ತೆ ಮೊದಲು ತುತ್ತು ಮುರಿಯಲಿ ಅಂತ ಕಾದೆ. ಅವರು ತಮ್ಮ ತಟ್ಟೆಯಲ್ಲಿದ್ದುದನ್ನೂ ನನ್ನ ತಟ್ಟೆಗೆ ಸರಿಸಿದರು.

"ತಿನ್ನು."

"ನೀವು ತಿನ್ರಿ ಅತ್ತೀ. ನಿಮಗಂತ ಮಾಡಿದ್ದು."

"ನನಗಂತ?" ಬಾಯಿ ತೆರೆದು ತೋರಿಸಿದರು. "ಹಲ್ಲ ಎಲ್ಲಿ ಅದಾವ ನೋಡು. ಕರಳು ಜಗಿಯೋ ಬಾಯೇನು ಇದು? ಕಣ್ಣ ತೋರಸೋದೂ ನೆವ, ಕಣ್ಣು ಚಲೋ ಅದಾವ. ನಿನ್ನ ಮಗಳು ಫೋನ್ ಮಾಡಿದ್ಲು, ಅಜ್ಜಿ, ಅವ್ವ ಏನೂ ತಿನ್ನವಲ್ಲಳು, ನೀ ಬಾ ಅಂತ. ಬಂದು ನೋಡಿದ್ರ ನೀ ಮುಂಜಾನಿ ಚಾ, ಸಂಜಿ ಚಾ. ನನಗ ಬಡಿಸೋದು, ನಿಂತು ನೋಡೋದು. ನೀ ಉಣಲಾರದ ನಾ ಹೆಂಗ ಉಣ್ಲಿ?"

ನಾನು ತಟ್ಟೆ ನೋಡಿದೆ. ಇಷ್ಟು ದಿನ ಅವರ ತುತ್ತುಗಳನ್ನು ನಾನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ. ಒಂದು ತುಂಡು ಮುರಿದು ಬಾಯಿಗಿಟ್ಟೆ. ಖಾರ ನೆತ್ತಿಗೇರಿತು. ಕಣ್ಣಲ್ಲಿ ನೀರು ಬಂತು, ಖಾರದ್ದೇ ಅಂದುಕೊಳ್ಳಿ. ಅತ್ತೆ ಇನ್ನೊಂದು ತುಂಡನ್ನು ಹಿಂಡಿ, ಹೂರಣವನ್ನಷ್ಟೇ ರೊಟ್ಟಿಯ ಮೆತ್ತನೆಯ ತುಣುಕಿಗೆ ಹಚ್ಚಿ ಬಾಯಿಗೆ ಹಾಕಿಕೊಂಡರು. ಬಹಳ ಹೊತ್ತು ಆಡಿಸಿದರು.

"ಅವನ ಕೈ ಅಲ್ಲ ಇದು."

"ಅಲ್ಲ ಅತ್ತೀ."

"ನನ್ನ ಕೈನೂ ಅಲ್ಲ."

"ಮತ್ತ ಯಾರದು?"

"ಯಾರದರ ಆಗ್ಲಿ ಬೇ, ಇನ್ನೊಂದು ರೊಟ್ಟಿ ಹಾಕು," ಅಂದರು.

ಇದನ್ನು ಬರೆಯುತ್ತಿರುವುದು ಬುಧವಾರ ಬೆಳಿಗ್ಗೆ. ಅತ್ತೆ ಇನ್ನೂ ಊರಿಗೆ ಹೋಗಿಲ್ಲ, ಹೋಗುವ ಮಾತೂ ಎತ್ತಿಲ್ಲ. ಈಗಷ್ಟೇ ಬಾಗಿಲ ಬಿಸಿಲಿನಲ್ಲಿ ಕಾಲು ಚಾಚಿ ಕೂತವರು, "ನಾಷ್ಟಾ ಏನು ಮಾಡ್ಲಿ?" ಅಂತ ಕೇಳಿದರು. ಏನಾದರೂ ಆದೀತು ಅನ್ನಲು ಬಾಯಿ ತೆರೆದೆ. ಹೇಳಲಿಲ್ಲ. ನನಗೆ ಹಸಿವಾಗಿತ್ತು.