ಅಬ್ಬಾನ ಅಪ್ಪಣೆ, ಅಮ್ಮಿಯ ರೋಜಾ

ನಮ್ಮ ಅಬ್ಬಾ ಬುಡನ್ ಸಾಬರಿಗೆ ಜಯನಗರದಲ್ಲಿ ಸೌದೆ ಡಿಪೋ ಇತ್ತು. ಬಡಾವಣೆ ಆಗಷ್ಟೇ ಏಳುತ್ತಿದ್ದ ಕಾಲ. ತಲಘಟ್ಟಪುರದ ಕಡೆಯಿಂದ ಎತ್ತಿನ ಗಾಡಿಗಳಲ್ಲಿ ಸೌದೆ ಬರುತ್ತಿತ್ತು, ಅಬ್ಬಾ ತಕ್ಕಡಿಯ ಪಕ್ಕ ಕುರ್ಚಿ ಹಾಕಿಕೊಂಡು ಬಂದವರಿಗೆಲ್ಲ ಧರ್ಮ ಹೇಳುತ್ತಿದ್ದರು. ಸೌದೆಗೆ ದುಡ್ಡು, ಧರ್ಮ ಪುಕ್ಕಟೆ. ಅವರು ಮಾತ್ರ ರಂಜಾನಿನಲ್ಲಿ ರೋಜಾ ಹಿಡಿಯುತ್ತಿರಲಿಲ್ಲ. ಹೊಟ್ಟೆ ಉರಿಯಂತೆ. ಆ ಉರಿ ರಂಜಾನಿನ ಚಂದ್ರ ಕಂಡ ಕೂಡಲೇ ಶುರುವಾಗಿ, ಈದಿನ ಬಿರಿಯಾನಿ ಹೊತ್ತಿಗೆ ತಾನಾಗಿ ವಾಸಿಯಾಗುತ್ತಿತ್ತು.

ಅಮ್ಮಿ ಪ್ಯಾರೀಜಾನ್ ಏಳು ಮಕ್ಕಳನ್ನು ಹೆತ್ತವಳು, ನಾನೇ ಹಿರಿಯವಳು. ಅವಳಿಗಿದ್ದದ್ದು ಒಂದೇ ಆಸೆ. ರಜಬ್ ತಿಂಗಳ ಇಪ್ಪತ್ತೇಳರಂದು ಒಂದು ರೋಜಾ ಹಿಡಿಯಬೇಕು. ಅದು ಕಡ್ಡಾಯವಲ್ಲ, ಮನಸ್ಸಿದ್ದವರು ಹಿಡಿಯಬಹುದು. ಅಂದು ಉಪವಾಸವಿದ್ದು ನಮಾಜಿನಲ್ಲಿ ಕಳೆದರೆ ಸಾವಿರ ರೋಜಾದ ಪುಣ್ಯವೆಂದು ನಮ್ಮ ಮನೆಗಳಲ್ಲಿ ನಂಬಿಕೆ. ಅದಕ್ಕೇ ಹಜಾರಿ ರೋಜಾ ಅನ್ನುತ್ತಾರೆ. ಆದರೆ ಕಡ್ಡಾಯವಲ್ಲದ ರೋಜಾಕ್ಕೆ ಹೆಂಡತಿ ಗಂಡನ ಇಜಾಜತ್, ಅಂದರೆ ಅಪ್ಪಣೆ, ಪಡೆಯಬೇಕು. ಇಡೀ ಧರ್ಮದಲ್ಲಿ ಅದೊಂದನ್ನು ಮಾತ್ರ ಅಬ್ಬಾ ಚೆನ್ನಾಗಿ ಕಲಿತಿದ್ದರು.

"ಈ ವರ್ಷ ಹಿಡೀಲಾ ಜೀ?" ಎಂದು ಅಮ್ಮಿ ಪ್ರತಿ ರಜಬಿನಲ್ಲೂ ಕೇಳುವಳು. ಅಬ್ಬಾ ಗಡ್ಡ ನೀವಿಕೊಳ್ಳುವರು. ಒಂದು ವರ್ಷ ಅವರ ಅಕ್ಕ ಬರುತ್ತಾಳೆಂಬ ನೆಪ, ಇನ್ನೊಂದು ವರ್ಷ ಕೂಸಿಗೆ ಹಾಲು ಕಮ್ಮಿಯಾಗುತ್ತದೆಂಬ ಚಿಂತೆ. ನೆಪ ಸಿಗದ ವರ್ಷ "ನೋಡೋಣ" ಅನ್ನುವರು. ಇಪ್ಪತ್ತೆಂಟನೆಯ ದಿನ ಬರುವ ತನಕ ನೋಡುತ್ತಲೇ ಇರುವರು.

ಪಕ್ಕದ ಮನೆಯ ಮುನಿವೆಂಕಟಮ್ಮನಿಗೆ ಇದು ತಲೆಗೇ ಹೋಗುತ್ತಿರಲಿಲ್ಲ. "ಅಲ್ಲ ಕಣಮ್ಮೀ, ತಿನ್ನಾಕೆ ಕೇಳ್ಬೇಕು ಅಂದ್ರೆ ಸರಿ. ತಿನ್ದೆ ಇರಾಕೂ ಕೇಳ್ಬೇಕಾ? ನಾನು ಶನಿವಾರ ಒಪ್ಪತ್ತು ಅಂದ್ರೆ ನಮ್ಮನೇರು ತುಟಿ ಪಿಟಕ್ ಅನ್ನಾಕಿಲ್ಲ," ಅನ್ನುವಳು. ಅವಳ ಒಪ್ಪತ್ತಿನಲ್ಲಿ ಎರಡು ತಟ್ಟೆ ಉಪ್ಪಿಟ್ಟು ಸೇರಿರುತ್ತಿತ್ತು, ಆ ಮಾತು ಬೇರೆ.

ಐವತ್ತೆಂಟನೆಯ ಇಸವಿ, ನನಗೆ ಹನ್ನೆರಡು ವರ್ಷ. ನಮಗೆ ಕುರ್‌ಆನ್ ಕಲಿಸಲು ಬರುತ್ತಿದ್ದ ಮುದುಕಿ ಬೂಬಮ್ಮ ಒಂದು ದಿನ ಎಲೆ ಅಡಿಕೆ ಜಗಿಯುತ್ತ ಅಮ್ಮಿಗೆ ಅಂದಳು: "ಖಜಾ ರೋಜಾಕ್ಕೆ ಗಂಡನ್ನ ಯಾಕೆ ಕೇಳ್ತೀಯೇ? ಅದಕ್ಕೆ ಯಾರ ಇಜಾಜತ್ತೂ ಬೇಡ."

ಹೆರಿಗೆ, ಬಾಣಂತನ, ತಿಂಗಳ ಮುಟ್ಟು ಎಂದು ರಂಜಾನಿನಲ್ಲಿ ತಪ್ಪಿದ ರೋಜಾಗಳನ್ನು ಆಮೇಲೆ ಹಿಡಿದು ತುಂಬಿಕೊಡುವುದೇ ಖಜಾ. ರಂಜಾನ್ ಬಿಟ್ಟು ಬೇರೆ ಯಾವ ರೋಜಾಕ್ಕೂ ತಮ್ಮ ಅಪ್ಪಣೆ ಬೇಕೆಂದು ಅಬ್ಬಾ ಅಮ್ಮಿಯನ್ನು ಹದಿನಾಲ್ಕು ವರ್ಷ ನಂಬಿಸಿದ್ದರು. ಅಮ್ಮಿ ನನ್ನನ್ನು ಕೂರಿಸಿಕೊಂಡು ಹೆರಿಗೆ ಹೆರಿಗೆಯಾಗಿ ಲೆಕ್ಕ ಹಾಕಿದಳು. ನೂರಾ ಮೂವತ್ತೊಂದು ಆಯಿತು.

ಆ ವರ್ಷ ಇಪ್ಪತ್ತೇಳರಂದು ಅಬ್ಬಾ ಊಟಕ್ಕೆ ಬಂದರೆ ಅಮ್ಮಿ ಬಡಿಸಿ ದೂರ ಕೂತಳು. "ಯಾರು ಇಜಾಜತ್ ಕೊಟ್ಟಿದ್ದು?" ಎಂದು ಅಬ್ಬಾ ಗುಡುಗಿದರು. "ಖಜಾ," ಎಂದಳು ಅಮ್ಮಿ. ಅಬ್ಬಾ ಅನ್ನ ಬಿಟ್ಟೆದ್ದು ಮಸೀದಿಯ ಹಜರತ್ತರ ಹತ್ತಿರ ದೂರು ಒಯ್ದರು. ಹಜರತ್ ಎಲ್ಲ ಕೇಳಿಸಿಕೊಂಡು, "ಆಕೇದು ಸರಿ ಇದೆ. ನಿಮ್ಮ ಖಜಾ ಎಷ್ಟಿದೆ ಬುಡನ್ ಸಾಬ್?" ಎಂದರಂತೆ. ಅಬ್ಬಾ ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿಬಿಟ್ಟರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಅಮ್ಮಿಗೆ ಆ ಸಂತೋಷ ಆಗಲಿಲ್ಲ. "ಇದು ತಪ್ಪಿದ್ದನ್ನ ತುಂಬೋದು ಅಷ್ಟೇ ಕಣೇ. ನಾನಾಗಿ ಇಷ್ಟಪಟ್ಟು ಹಿಡಿದ ರೋಜಾ ಅಲ್ಲ," ಎಂದಳು. ವಾರಕ್ಕೊಂದರಂತೆ ಹಿಡಿಯುತ್ತ ಹೋದಳು. ನೂರಾ ಮೂವತ್ತೊಂದೂ ಮುಗಿಯುವಾಗ ಅರವತ್ತರ ಡಿಸೆಂಬರ್ ಬಂದಿತ್ತು. ಮುಂದಿನ ರಜಬಿಗೆ ಅವಳ ಹತ್ತಿರ ಖಜಾ ಒಂದೂ ಇರಲಿಲ್ಲ. ಮತ್ತೆ ಅಬ್ಬಾನ ಗಡ್ಡದ ಮುಂದೆ ನಿಲ್ಲಬೇಕಲ್ಲ ಎಂದು ನನಗೇ ಸಂಕಟವಾಗುತ್ತಿತ್ತು.

ಅರವತ್ತೊಂದರಲ್ಲಿ ಆ ದಿನ ಸಂಕ್ರಾಂತಿಯ ಬೆನ್ನಿಗೇ ಬಂತು. ಅಮ್ಮಿ ಯಾರನ್ನೂ ಕೇಳದೆ ರೋಜಾ ಹಿಡಿದಳು. ಮುನಿವೆಂಕಟಮ್ಮ ಕೊಟ್ಟ ಎಳ್ಳು-ಬೆಲ್ಲವನ್ನು ಸಂಜೆಗೆಂದು ಎತ್ತಿಟ್ಟಳು. ಹೊರಗೆ ಮಸೀದಿಯ ಇಬ್ಬರು ಹಿರಿಯರು ನಮ್ಮ ಜಗಲಿಯಲ್ಲಿ ಚಾ ಕುಡಿಯುತ್ತ ಹಜಾರಿ ರೋಜಾದ ಮಹಿಮೆ ಮಾತಾಡುತ್ತಿದ್ದರು. ಅಬ್ಬಾ ಎದೆಯುಬ್ಬಿಸಿ, "ನಮ್ಮ ಮನೇಲಿ ಇವತ್ತು ರೋಜಾ. ಇಜಾಜತ್ ನಾನೇ ಕೊಟ್ಟಿದೀನಿ," ಎಂದರು.

ಪರದೆಯ ಹಿಂದಿನಿಂದ ಅಮ್ಮಿಯ ದನಿ ಎಲ್ಲರಿಗೂ ಕೇಳುವ ಹಾಗೆ ಬಂತು. "ಇದು ಖಜಾ ರೋಜಾ ಜೀ. ನಿಮ್ಮ ಇಜಾಜತ್ ನಿಮ್ಮ ಹತ್ರಾನೇ ಇರ್ಲಿ."

ಹಿರಿಯರಲ್ಲೊಬ್ಬರಿಗೆ ಚಾ ನೆತ್ತಿಗೇರಿತು. ನಾನು ಅಡುಗೆಮನೆಗೆ ಓಡಿ ಅಮ್ಮಿಯ ಸೆರಗು ಹಿಡಿದೆ.

"ಖಜಾ ಎಲ್ಲ ಮುಗೀತಲ್ಲ ಅಮ್ಮೀ? ರೋಜಾದಲ್ಲಿ ಸುಳ್ಳು ಹೇಳ್ದಲ್ಲ! ಅಬ್ಬಾಗೆ ಗೊತ್ತಾದ್ರೆ?"

ಅಮ್ಮಿ ನಮಾಜಿನ ಹಾಸು, ಜಾನಮಾಜ್, ಬಿಡಿಸಿ ಹಾಸುತ್ತಿದ್ದಳು. "ಸುಳ್ಳಿಗೆ ಅಲ್ಲಾನ ಹತ್ರ ಮಾಫಿ ಕೇಳ್ಕೋತೀನಿ," ಎಂದಳು. "ಏಳು ಮಕ್ಕಳ ತಂದೆ ಅವರು. ನನಗೆ ಎಷ್ಟು ರೋಜಾ ತಪ್ಪಿದ್ವು, ಎಷ್ಟು ಮುಗಿದ್ವು ಅಂತ ಅವರಿಗೆ ಗೊತ್ತಿದ್ರೆ, ಒಳಗೆ ಬಂದು ಹೇಳ್ಲಿ. ಇವಾಗ್ಲೇ ರೋಜಾ ಬಿಡ್ತೀನಿ."

ಅಬ್ಬಾ ಒಳಗೆ ಬರಲಿಲ್ಲ.