ಶೇವಂತಾಳ ಕೆಂಪು ಟಿಕಳಿ

ಅಥಣಿ ಕಡೆಯ ಒಂದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ, ಶೇವಂತಾಳ ಮೇಜಿನ ಮೇಲೆ ಸದಾ ಒಂದು ಟಿಕಳಿ ಪ್ಯಾಕೆಟ್ಟು ಇರುತ್ತದೆ. ಹಣೆಗೆ ಹಚ್ಚಿಕೊಳ್ಳಲು ಅಲ್ಲ. ಫಿಲ್ಮಿನಲ್ಲಿ ಎಲುಬು ಮುರಿದ ಗುಮಾನಿ ಬಂದರೆ ಎಕ್ಸ್‌ರೇ ತೆಗೆದವರೇ ಅದರ ಪಕ್ಕಕ್ಕೊಂದು ಕೆಂಪು ಟಿಕಳಿ ಅಂಟಿಸಬೇಕು. ಡಾಕ್ಟರ ಕಣ್ಣು ಮೊದಲು ಅಲ್ಲಿಗೆ ಹೋಗಬೇಕು. ಉಗಾರ ಖುರ್ದದ ಕಬ್ಬಿನ ಗಾಡಿಯವನ ಮಗಳು ಶೇವಂತಾ, ಹದಿನೆಂಟು ವರ್ಷದಿಂದ ಇಲ್ಲಿ ಎಕ್ಸ್‌ರೇ ತೆಗೆಯುವವಳು, ಪ್ರತಿ ಶನಿವಾರ ಸುತ್ತಲಿನ ಟೆಕ್ನಿಷಿಯನ್ನರನ್ನು ಕೂಡಿಸಿ ಹಳೆಯ ಫಿಲ್ಮು ಹಿಡಿದು ಕಲಿಸುವ ಪಾಠ ಇದೇ.

ಡಾಕ್ಟರ್ ಶ್ರೇಣಿಕ ಮೊದಲು ಮೂಗು ಮುರಿದಿದ್ದರು. "ಫೋಟೋ ತಗಿಯೂದು ನಿಮ್ಮ ಕೆಲಸ, ಓದೂದು ನಮ್ಮದು." ಶೇವಂತಾ ಪಟ್ಟು ಬಿಡಲಿಲ್ಲ. ಕೊನೆಗೆ ಅವರು, "ಆತ್ರಿ, ಒಂದ ತಿಂಗಳ ನೋಡೂಣು. ಹತ್ತ ಟಿಕಳಿ ತಪ್ಪಾದ್ರ ನಿಮ್ಮ ಶನಿವಾರದ ಸಾಲಿ ಬಂದ್" ಎಂದರು. ತಿಂಗಳ ಕೊನೆಯ ದಿನಕ್ಕೆ ಒಂಬತ್ತು ತಪ್ಪಾಗಿದ್ದವು. ಸರಿಯಾದವನ್ನು ಪುಣ್ಯಾತ್ಮರು ಯಾರೂ ಎಣಿಸಿರಲಿಲ್ಲ.

ಆ ದಿನವೇ ಐಗಳಿಯ ಮಾಳು ಬಂದ. ಕಬ್ಬಿನ ಟ್ರೇಲರಿನಿಂದ ಅಂಗೈ ಊರಿ ಬಿದ್ದವನು, ಈ ಕಡೆಯ ರೂಢಿಯಂತೆ ಮೊದಲು ಎಲುಬು ಕಟ್ಟುವವರ ಹತ್ತಿರ ಹೋಗಿ ಮುಂಗೈಗೆ ದಪ್ಪ ಲೇಪ ಬಳಿಸಿಕೊಂಡು, ನೋವು ತಡೆಯಲಾರದೆ ಮೂರನೇ ದಿನ ಇಲ್ಲಿಗೆ ಬಂದಿದ್ದ. ಲೇಪ ತೊಳೆಯಿರಿ ಅಂದರೆ ಜನ ಎದ್ದು ಹೋಗುತ್ತಾರೆ. ಅದಕ್ಕೇ ಲೇಪದ ಮೇಲೆಯೇ ಎಕ್ಸ್‌ರೇ ತೆಗೆಯುವ ತಪ್ಪನ್ನು ಎಲ್ಲರೂ ಮಾಡುತ್ತಾರೆ. ಕಲಿಯಲು ಬಂದಿದ್ದ ನೀಲಮಳೂ ಮಾಡಿದಳು. ಹೆಬ್ಬೆರಳ ಬುಡದ ಪುಟ್ಟ ಎಲುಬಿನ ಮೇಲೆ ಕೂದಲೆಳೆಯಷ್ಟು ಗೆರೆ ಕಂಡಿತು.

"ಲೇಪದ್ದ ಇರಬೇಕ್ರಿ ಅಕ್ಕಾರ. ಒಣಗಿ ಬಿರಕ ಬಿಟ್ಟೈತಿ," ಎಂದಳು ನೀಲಮ.

ಶೇವಂತಾ ಫಿಲ್ಮನ್ನು ಕೈಗೆ ತೆಗೆದುಕೊಂಡಳು. ಎಂಟು ವರ್ಷದ ಹಿಂದೆ ಇನ್ನೊಬ್ಬಳ ಫಿಲ್ಮಿನಲ್ಲಿ ಇಂಥದೇ ಗೆರೆ ಕಂಡಾಗ ಇದೇ ಮಾತನ್ನು ತನಗೆ ತಾನೇ ಹೇಳಿಕೊಂಡು ಅವಳು ಸುಮ್ಮನಾಗಿದ್ದಳು. ಆಗಿನ ಡಾಕ್ಟರು ಉಳುಕು ಎಂದು ಬರೆದರು. ಎಲುಬು ಕೂಡಿಕೊಳ್ಳಲಿಲ್ಲ, ಆ ಕೈ ಮತ್ತೆ ಕಬ್ಬು ಕಡಿಯುವ ಕೊಯ್ತಾ ಹಿಡಿಯಲಿಲ್ಲ. ಆ ಕೈಯವಳನ್ನು ಸಂತೆಯಲ್ಲಿ ಕಂಡಾಗಲೆಲ್ಲ ಶೇವಂತಾ ಮುಖ ತಪ್ಪಿಸುತ್ತಿದ್ದಳು. ಅವಳೇ ಲಕ್ಕವ್ವ, ಮಾಳುವಿನ ತಾಯಿ. ಈಗ ಮಗನ ಪಕ್ಕದಲ್ಲಿ ನಿಂತಿದ್ದಳು.

"ತೊಳದ ಇನ್ನೊಮ್ಮಿ ತಗಿ," ಎಂದಳು ಶೇವಂತಾ. "ಲೇಪದ ಗೆರಿ ಆದ್ರ ಹೋಗತೈತಿ. ಎಲುಬಿಂದು ಹೋಗೂದಿಲ್ಲ."

ಮಾಳು ಕೈ ಹಿಂದೆಳೆದುಕೊಂಡ. "ಎಂಟ ದಿನ ಬಿಚ್ಚಬ್ಯಾಡ ಅಂದಾರ್ರಿ. ನಾ ಒಲ್ಲೆ."

ಮುಚ್ಚಿಟ್ಟುಕೊಂಡು ಶೇವಂತಾಳಿಗೂ ಸಾಕಾಗಿತ್ತು. "ಮಾವಶಿ, ನಿಮ್ಮ ಕೈ ಕೆಟ್ಟದ್ದು ನನ್ನಿಂದ್ರಿ. ಅವತ್ತ ಫೋಟೋದಾಗ ಹಿಂತಾದ ಗೆರಿ ಕಂಡಿತ್ತು. ಡಾಕ್ಟರಿಗೆ ಹೇಳಲಿಲ್ಲ."

ಲಕ್ಕವ್ವ ತನ್ನ ಕೈ ನೋಡಿಕೊಂಡಳು. "ಎಂಟ ವರ್ಷ ನನ್ನ ಹಣೇಬಾರ ಅಂತ ತಿಳದಿದ್ನಿ, ಬಾಯಾರ." ಬೈಗುಳ ಬರಲಿಲ್ಲ, ಬಂದಿದ್ದರೆ ಶೇವಂತಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಲಕ್ಕವ್ವ ಮಗನನ್ನು ನಳದ ಹತ್ತಿರ ಕರೆದೊಯ್ದು, ಬಿಗಿ ಹಿಡಿಯಲಾರದ ಆ ಕೈಯಿಂದಲೇ ನೀರು ಹಾಕಿ ಲೇಪ ನೆನೆಸಿ ಮೆಲ್ಲಗೆ ಬಿಡಿಸಿದಳು.

ಎರಡನೇ ಫಿಲ್ಮಿನಲ್ಲೂ ಗೆರೆ ಅಲ್ಲೇ ಇತ್ತು.

"ಇದೂ ತಪ್ಪಾದ್ರ ಹತ್ತ ಆಗ್ತಾವ್ರಿ," ಎಂದಳು ನೀಲಮ. "ಸಾಲಿ ಮುಚ್ಚತೈತಿ."

"ಮುಚ್ಚಲಿ. ನಿನಗ ಕಂಡದ್ದ ನೀ ಹೇಳ."

ಪ್ಯಾಕೆಟ್ಟು ಬರಿದಾಗಿತ್ತು. ನೀಲಮ ತನ್ನ ಹಣೆಯ ಟಿಕಳಿ ಕಿತ್ತು ಫಿಲ್ಮಿಗೆ ಅಂಟಿಸಿ ಬೋಳು ಹಣೆಯಲ್ಲೇ ಡಾಕ್ಟರ ಕೋಣೆಗೆ ನಡೆದಳು. ಶ್ರೇಣಿಕ ಫಿಲ್ಮನ್ನು ಬೆಳಕಿಗೆ ಹಿಡಿದರು, ತಿರುಗಿಸಿ ಮತ್ತೆ ಹಿಡಿದರು.

"ಮುರದೈತಿ. ಪ್ಲಾಸ್ಟರ್ ಹಾಕೂಣು," ಎಂದರು. ಆಮೇಲೆ ಯಾರ ಮುಖವನ್ನೂ ನೋಡದೆ, "ನಿಮ್ಮ ಸಾಲಿ ನಡೀಲಿ" ಎಂದರು.

ಮುಂದಿನ ಶನಿವಾರ ಪಾಠದ ನಡುವೆ ಲಕ್ಕವ್ವ ಕರೆಯದೆ ಬಂದಳು. ಇವತ್ತು ಬೈಗುಳ ತಪ್ಪಿದ್ದಲ್ಲ ಎಂದುಕೊಂಡು ಶೇವಂತಾ ಎದ್ದು ನಿಂತಳು. ಲಕ್ಕವ್ವ ಮೇಜಿನ ಮೇಲಿನ ಫಿಲ್ಮುಗಳನ್ನು ಬದಿಗೆ ಸರಿಸಿ, ಅಲ್ಲಿ ತನ್ನ ಕೈ ಇಟ್ಟಳು.

"ಮೊದಲ ಇದನ್ನ ನೋಡ್ರಿ," ಎಂದಳು ಎಲ್ಲರಿಗೂ. "ಆಮ್ಯಾಲ ಫೋಟೋ ನೋಡ್ರಿ."