ಇನ್‌ಶರ್ಟ್ ಬಿಟ್ಟ ವರ್ಷ

ಇಪ್ಪತ್ತಾರು ವರ್ಷ ನಾನು ಇನ್‌ಶರ್ಟ್ ಮಾಡಿಕೊಂಡೇ ಓಡಾಡಿದವನು. ವಿಮಾ ಏಜೆಂಟನ ಕೆಲಸ ಅಂಥದ್ದು. ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಿಂದ ಬೆಳಿಗ್ಗೆ ಬೈಕ್ ಹತ್ತಿದರೆ ಒಂದು ದಿನ ಸಿರುಗುಪ್ಪ, ಒಂದು ದಿನ ಕುರುಗೋಡು. ಬೆವರು ಸುರಿದು ಅಂಗಿ ಬೆನ್ನಿಗೆ ಅಂಟಿದರೂ ಅದರ ತುದಿ ಪ್ಯಾಂಟಿನೊಳಗೇ ಇರಬೇಕು. ಸಾವಿನ ಮಾತನ್ನು ನಗುನಗುತ್ತ ಹೇಳಿ ಸಹಿ ಹಾಕಿಸಿಕೊಳ್ಳುವವನು ಅಚ್ಚುಕಟ್ಟಾಗಿ ಕಾಣದಿದ್ದರೆ ಯಾರು ನಂಬುತ್ತಾರೆ?

ನನ್ನ ಅಕ್ಕನ ಮಗನಿಗೂ ಅದೇ ಹುಚ್ಚು. ಕುರುಗೋಡಿನಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಮಾಡುವವನಿಗೆ ಇನ್‌ಶರ್ಟ್ ಯಾಕೆ ಬೇಕು ಹೇಳಿ. ಕೈತುಂಬ ಗ್ರೀಸು, ಕೂದಲಲ್ಲಿ ತಾಮ್ರದ ತಂತಿಯ ಚೂರು, ಅಂಗಿ ಮಾತ್ರ ಒಳಗೆ. "ಮಾಮನ ಪಡಿಯಚ್ಚು ನೋಡ್ರಿ ಇದು," ಎಂದು ಅಕ್ಕ ಓಣಿಯ ಹೆಂಗಸರೆದುರು ಅವನನ್ನು ಆಡಿಕೊಳ್ಳುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ. ನನಗೆ ಮಕ್ಕಳಿಲ್ಲ.

ಅಕ್ಕನ ಗಂಡ, ನನ್ನ ಭಾವ, ಕೆಂಚನಗುಡ್ಡದ ಹತ್ತಿರ ಹೊಳೆದಂಡೆಯಲ್ಲಿ ಎರಡು ಎಕರೆ ಗದ್ದೆ ಮಾಡಿದ್ದರು. ಮರಳಿನ ಟ್ರ್ಯಾಕ್ಟರುಗಳು ಹೊಳೆಗಿಳಿಯಲು ಆ ಗದ್ದೆಯ ಬದುವನ್ನೇ ದಾರಿ ಮಾಡಿಕೊಂಡವು. ಭಾವ ಹೇಳಿ ನೋಡಿದರು, ಬೈದು ನೋಡಿದರು, ಕೊನೆಗೆ ಜೆಸಿಬಿ ತರಿಸಿ ಬದುವಿಗೆ ಅಡ್ಡಲಾಗಿ ಆಳದ ಗುಂಡಿ ತೋಡಿಸಿದರು. ಅದಾದ ಒಂಬತ್ತನೇ ದಿನ ಸಿರುಗುಪ್ಪದ ಒಂದು ಚಹಾ ಹೋಟೆಲಿನ ಮುಂದೆ ನಾವಿಬ್ಬರೂ ನಿಂತಿದ್ದೆವು. ಬೈಕಿನಲ್ಲಿ ಇಬ್ಬರು ಬಂದರು. ಮಚ್ಚು ಮೇಲೆದ್ದಿದ್ದು ಕಂಡಿತು, ಮುಖಗಳು ಕಂಡವು, ಭಾವ ಬಿದ್ದಿದ್ದೂ ಕಂಡಿತು. ಎಲ್ಲ ಮುಗಿದ ಮೇಲೆ ನೋಡಿಕೊಂಡರೆ ನನ್ನ ಕೈಯಲ್ಲಿ ಚಹಾದ ಗ್ಲಾಸು ಹಾಗೇ ಇತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ. ಇವತ್ತಿಗೂ ನನಗೆ ಅದರ ಬಗ್ಗೆ ನಾಚಿಕೆಯಾಗುತ್ತದೆ.

ಭಾವನ ದಿನಕರ್ಮ ಮುಗಿದ ಮಾರನೆಯ ಬೆಳಿಗ್ಗೆ ಅಕ್ಕ ಕಸ ಗುಡಿಸುವಾಗ ಮಗನ ಮಂಚದ ಕೆಳಗೆ ಹೊಸ ಮಚ್ಚು ಸಿಕ್ಕಿತು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಟವೆಲಿನಲ್ಲಿ ಸುತ್ತಿ ನನ್ನ ಮುಂದಿಟ್ಟಳು.

"ಲೇ ತಮ್ಮ, ಗಂಡನ್ನ ಕೊಟ್ಟೀನಿ. ಮಗನ್ನ ಕೊಡಂಗಿಲ್ಲ. ಇವನ್ನ ನೀನು ನೋಡ್ಕೋ."

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಾಲುವೆಗೆ ಹೋದೆ. ಮಚ್ಚನ್ನು ಅವನ ಕೈಯಿಂದಲೇ ನೀರಿಗೆ ಎಸೆಯಿಸಿದೆ. ಅವನು ದಂಡೆಯ ಮೇಲೆ ನಿಂತು ಅತ್ತ. "ನಾ ಕಣ್ಣಾರೆ ನೋಡೀನಿ. ಕೋರ್ಟಿನ್ಯಾಗ ನಿಂತು ಹೇಳ್ತೀನಿ. ನಮ್ಮ ಮನ್ಯಾಗ ಯಾರೂ ಹತಾರ ಮುಟ್ಟಂಗಿಲ್ಲ, ನಾನೂ ಸೇರಿ," ಎಂದೆ. ಮನೆಗೆ ಬಂದು ಅಕ್ಕನ ಅಂಗೈ ಮೇಲೆ ಅವನ ಕೈ, ಅದರ ಮೇಲೆ ನನ್ನ ಕೈ ಇಟ್ಟು ಆಣೆ ಮಾಡಿದೆವು. ಅವತ್ತು ನಾನು ಸುಳ್ಳು ಹೇಳಿರಲಿಲ್ಲ. ಹೇಳಿದ ಪ್ರತಿ ಮಾತನ್ನೂ ನಂಬಿದ್ದೆ.

ಕೊಂದವರು ಜಾಮೀನಿನ ಮೇಲೆ ಹೊರಬಂದರು. ಹೋಟೆಲಿನವನಿಗೆ ಏನೂ ಕಾಣಲಿಲ್ಲವಂತೆ, ಪಕ್ಕದ ಪಂಕ್ಚರ್ ಅಂಗಡಿಯವನು ಅವತ್ತು ಊರಲ್ಲೇ ಇರಲಿಲ್ಲವಂತೆ. ಉಳಿದ ಸಾಕ್ಷಿ ನಾನೊಬ್ಬ. ತೆಕ್ಕಲಕೋಟೆ ದಾಟಿದ ಮೇಲೆ ಒಂದು ಬೈಕು ಎರಡು ಸಲ ನನ್ನ ಪಕ್ಕಕ್ಕೇ ಬಂದು, ಮೊಣಕಾಲು ತಾಗುವಷ್ಟು ಹತ್ತಿರ ಓಡಿ, ಏನೂ ಮಾತಾಡದೆ ಮುಂದೆ ಹೋಯಿತು. ಮೂರನೇ ಸಲ ಹಿಂದೆ ಕೂತಿದ್ದವನು ಮಾತಾಡಿದ. "ಎಲ್ಲರಿಗೂ ಪಾಲಿಸಿ ಮಾಡಿಸ್ತೀಯಲ್ಲ, ನಿಂದು ಮಾಡಿಸೀಯೇನು?"

ನಾನು ಹೆದರಿದೆ. ಅದಕ್ಕೆ ಬೇರೆ ಬಣ್ಣ ಬಳಿಯಲಾರೆ. ಬಂದೂಕಿನ ಪರವಾನಗಿಗೆ ಅರ್ಜಿ ಹಾಕಿದೆ. ಪೊಲೀಸರು ಮನೆಗೆ ಬಂದು ವಿಚಾರಣೆ ಮಾಡಿದರು, ಡಿಸಿ ಆಫೀಸಿಗೆ ಚಪ್ಪಲಿ ಸವೆಯುವಷ್ಟು ಅಲೆದೆ, ಒಂದು ವರ್ಷದ ಮೇಲೆ ಕೈಗೆ ಪರವಾನಗಿ ಪುಸ್ತಕ ಬಂತು. ಅಕ್ಕನಿಗೆ ಹೇಳಲಿಲ್ಲ, ಅವಳ ಮಗನಿಗಂತೂ ಹೇಳಲೇ ಇಲ್ಲ.

ಬಂದೂಕಿನ ಅಂಗಡಿಯಲ್ಲಿದ್ದವರು ವಯಸ್ಸಾದ ಮನುಷ್ಯರು. ಬಟ್ಟೆ ಅಂಗಡಿಯವರು ಸೀರೆ ಬಿಡಿಸಿ ಹಾಕುವ ಹಾಗೆ ಗಾಜಿನ ಮೇಲೆ ಒಂದೊಂದೇ ತೆಗೆದಿಟ್ಟರು. ನನಗೆ ದೊಡ್ಡ ರಿವಾಲ್ವರ್ ಮೇಲೆ ಕಣ್ಣು. ನೋಡಿದ ಕೂಡಲೇ ಎದುರಿನವನ ಎದೆ ಝಲ್ಲೆನ್ನಬೇಕು ಎಂಬುದು ನನ್ನ ಲೆಕ್ಕ. ಅವರು ತಲೆ ಅಲ್ಲಾಡಿಸಿದರು.

"ಕಪಾಟಿನ್ಯಾಗ ಇಡಾಕ ಬೇಕೇನ್ರಿ, ದಿನಾ ಮೈಮ್ಯಾಲೆ ಇಟ್ಕೊಳ್ಳಾಕ ಬೇಕೇನ್ರಿ?"

"ದಿನಾ ಬೇಕ್ರಿ."

"ಹಂಗಾದ್ರ ಇದು ಬ್ಯಾಡ. ಗುಂಡಿನ ಗಾಲಿ ದಪ್ಪ ಐತಿ, ಹೊಟ್ಟಿ ಪಕ್ಕ ಉಬ್ಬಿ ಕಾಣತೈತಿ. ಭಾರಾನೂ ಜಾಸ್ತಿ. ದೊಡ್ಡದು ಒಯ್ದೋರೆಲ್ಲ ಎರಡು ತಿಂಗಳಾದ ಮ್ಯಾಲೆ ಮನ್ಯಾಗ ಇಟ್ಟು ಓಡಾಡ್ತಾರ್ರಿ. ಮನ್ಯಾಗಿದ್ರ ದಾರ್‍ಯಾಗ ಏನು ಮಾಡತೈತಿ?"

ಕೊನೆಗೆ ಚಪ್ಪಟೆಯ ಸಣ್ಣ ಪಿಸ್ತೂಲೊಂದನ್ನು ಕೊಟ್ಟರು. ಅಂಗೈಗಿಂತ ಸ್ವಲ್ಪ ಉದ್ದ. ನಾನು ಅದನ್ನು ಅಂಗೈ ಮೇಲಿಟ್ಟು ಎರಡು ಸಲ ಮೇಲೆ ಕೆಳಗೆ ತೂಗಿದೆ, ಸಂತೆಯಲ್ಲಿ ಬದನೆಕಾಯಿ ತೂಗಿ ನೋಡುವವರ ಹಾಗೆ. ತಣ್ಣಗಿತ್ತು. ಒಂದು ಬಗೆಯ ಸಮಾಧಾನವಾಯಿತು. ಅದನ್ನು ಮುಚ್ಚಿಟ್ಟು ಏನು ಮಾಡಲಿ, ನಿಜವಾಗಿ ಆಯಿತು. ಹಿರಿಯರು ಎರಡು ಬುದ್ಧಿಮಾತು ಹೇಳಿದರು. ನಳಿಗೆಗೆ ಗುಂಡು ಏರಿಸಿಟ್ಟುಕೊಂಡು ತಿರುಗಬೇಡ ಎಂಬುದು ಒಂದು. ಇನ್ನೊಂದನ್ನು ಅವರ ಮಾತಲ್ಲೇ ಹೇಳುತ್ತೇನೆ. "ಮನಿ ಮಂದಿಗೂ ತೋರಿಸಬ್ಯಾಡ್ರಿ. ಒಬ್ಬರ ಹತ್ರ ನೋಡಿದ್ರ ಇನ್ನೊಬ್ಬರಿಗೂ ಬೇಕನಸ್ತೈತಿ."

ಸೊಂಟಕ್ಕೆ ಬಿಗಿಯಾಗಿ ಕೂರುವ ತೊಗಲಿನ ಚೀಲವನ್ನೂ ತೋರಿಸಿದರು. ಬಳ್ಳಾರಿಯ ಬಿಸಿಲಿಗೆ ತೊಗಲು ಬೆವತು ಮೈ ಕೆರೆತ ಎಂದು ನಾನೇ ಬೇಡವೆಂದೆ. ಅದೇ ನಾನು ಮಾಡಿದ ತಪ್ಪು. ಊರಿನ ಅರ್ಧ ಜನ ಜೀನ್ಸ್ ಹೊಲಿಯುವವರು, ನನಗೆ ಪರಿಚಯದ ದರ್ಜಿಗಳಿಗೆ ಬರವೇ? ಒಬ್ಬನನ್ನು ಹಿಡಿದು ನಾಲ್ಕು ಪ್ಯಾಂಟಿಗೆ ಸೊಂಟಪಟ್ಟಿಯ ಒಳಗೆ ದಪ್ಪ ಜೀನ್ಸ್ ಬಟ್ಟೆಯ ಜೇಬು ಹೊಲಿಸಿಕೊಂಡೆ. ಮೊಬೈಲ್ ಇಡಲಿಕ್ಕೆ ಎಂದೆ. ಅವನು ಅಳತೆ ನೋಡಿ, ನನ್ನ ಮುಖ ನೋಡಿ, ಕತ್ತರಿ ಎತ್ತಿಕೊಂಡ.

ಮನೆಯಲ್ಲಿ ಮುಂಬಾಗಿಲು ಹಾಕಿಕೊಂಡು ಪರೀಕ್ಷೆ ಮಾಡಿದೆ. ನಿಂತು ನೋಡಿದೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂತು ನೋಡಿದೆ, ಬೈಕನ್ನು ಕಿಕ್ ಹೊಡೆದು ನೋಡಿದೆ, ಪಾಯಿಖಾನೆಯಲ್ಲೂ ಕುಕ್ಕರಗಾಲಲ್ಲಿ ಕೂತು ನೋಡಿದೆ. ಎಲ್ಲಿಯೂ ಜಾರಲಿಲ್ಲ. ಮೇಲೆ ಸಡಿಲ ಅಂಗಿ ಇಳಿಬಿಟ್ಟರೆ ಯಾವ ಗುರುತೂ ಇಲ್ಲ. ಹೀಗೆ ನನ್ನ ಇನ್‌ಶರ್ಟ್ ಹೋಯಿತು. ಕೇಳಿದವರಿಗೆಲ್ಲ ಸೆಕೆ ಎಂದೆ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಈ ನಾಟಕವನ್ನೆಲ್ಲ ನೋಡಿದಳು.

"ಇದನ್ನ ಕಟ್ಟಿಕೊಂಡು ಅಕ್ಕಾರ ಮನಿಗೆ ಹೆಂಗ ಹೋಗ್ತೀರಿ?" ಎಂದಳು.

"ಅಕ್ಕಗ ಹೆಂಗ ಗೊತ್ತಾಗತೈತಿ?" ಎಂದೆ.

ದಸರೆ ಬಂತು. ನಮ್ಮ ಕಡೆ ಬನ್ನಿ ಕೊಡುವುದು ತಪ್ಪಿಸುವಂತಿಲ್ಲ. ಚಿಕ್ಕವರು ಬನ್ನಿ ಎಲೆ ಹಿಡಿದು ಹಿರಿಯರ ಮನೆಗೆ ಹೋಗಬೇಕು, ಕೈಗೆ ಕೊಟ್ಟು ಕಾಲು ಮುಟ್ಟಬೇಕು. ಜಗಳವಾಡಿದವರೂ ಅವತ್ತೊಂದು ದಿನ ಬಾಗುತ್ತಾರೆ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ಅಕ್ಕ, ಹಾಗಾಗಿ ನನ್ನ ಮೊದಲ ಬನ್ನಿ ಎಂದೂ ಅವಳಿಗೇ. ಆ ಸಂಜೆ ಕುರುಗೋಡಿಗೆ ಹೋದೆ. ಅಕ್ಕ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಅವಳ ಮಗ ಕಂಬಕ್ಕೆ ಒರಗಿ ನಿಂತಿದ್ದ, ಮಡಿಕೆ ಮುರಿಯದ ಇನ್‌ಶರ್ಟಿನಲ್ಲಿ. ನನ್ನ ಇಳಿಬಿದ್ದ ಅಂಗಿ ನೋಡಿ, "ಏನ್ ಮಾಮ, ರಿಟೈರ್ ಆದ್ರೇನು?" ಎಂದು ನಕ್ಕ. ಅಪ್ಪ ಸತ್ತ ಮೇಲೆ ಅವನು ನಗುವುದೇ ಅಪರೂಪವಾಗಿತ್ತು. ನನಗೆ ಖುಷಿಯಾಯಿತು.

"ಬನ್ನಿ ತಗೊಂಡು ಬಂಗಾರದಂಗ ಇರೋಣಕ್ಕ," ಎಂದು ಎಲೆ ಕೊಟ್ಟು, ಸೊಂಟ ಬಗ್ಗಿಸಿ, ಹಣೆ ಅವಳ ಕಾಲಿಗೆ ತಾಗುವ ಹಾಗೆ ಬಾಗಿದೆ.

ಕೂತು, ಎದ್ದು, ಬೈಕು ಹತ್ತಿ ನೋಡಿದ್ದ ನಾನು ಕಾಲಿಗೆ ಬಿದ್ದು ನೋಡಿರಲಿಲ್ಲ. ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದನ್ನು ಪರೀಕ್ಷೆ ಮಾಡಬೇಕು ಎಂದು ಯಾರಿಗೆ ಹೊಳೆಯುತ್ತದೆ? ದರ್ಜಿಯ ಜೇಬು ತಲೆಕೆಳಗಾಯಿತು. ಪಿಸ್ತೂಲು ಕಡಪಾ ಕಲ್ಲಿನ ನೆಲದ ಮೇಲೆ ಬಿದ್ದು ಅಕ್ಕನ ಹೆಬ್ಬೆರಳಿಗೆ ತಾಗಿ ನಿಂತಿತು.

ನಾನು ಕೈ ಚಾಚುವ ಮೊದಲೇ ಅವಳ ಮಗ ಎತ್ತಿಕೊಂಡ. ಅಂಗೈ ಮೇಲಿಟ್ಟು ನೋಡಿದ. ಎರಡು ಸಲ ಮೇಲೆ ಕೆಳಗೆ ತೂಗಿದ. ಆ ಅಂಗಡಿಯಲ್ಲಿ ನನ್ನ ಮುಖ ಹೇಗಿತ್ತೆಂದು ನನಗೆ ಆಗ ತಿಳಿಯಿತು.

"ಇಲ್ಲಿ ಕೊಡಲೇ," ಎಂದೆ.

"ಎಷ್ಟು ಹಗುರ ಐತಿ ಮಾಮ," ಎಂದ. ಸಿಟ್ಟಿರಲಿಲ್ಲ ಅವನ ದನಿಯಲ್ಲಿ. ಸಿಟ್ಟಿದ್ದರೆ ಚೆನ್ನಾಗಿತ್ತು. ನನ್ನ ಕೈಗಿಟ್ಟು ಹೊರಗೆ ನಡೆದ.

ಪರವಾನಗಿ ಇದೆ, ಕೋರ್ಟಿನಲ್ಲಿ ಹೇಳುವತನಕ ಜೀವ ಉಳಿಯಬೇಕಲ್ಲ, ನನ್ನ ಕಾವಲಿಗೆ ಮಾತ್ರ ಎಂದೆಲ್ಲ ಅಕ್ಕನಿಗೆ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನಾನು ಕೊಟ್ಟ ಬನ್ನಿ ಎಲೆಗಳನ್ನು ವಾಪಸು ನನ್ನ ಅಂಗಿಯ ಜೇಬಿಗೇ ಹಾಕಿದಳು.

"ನಿನ್ನ ಜೀವಕ್ಕ ಕಾವಲು ಆತು. ಅವನ್ನ ಈಗ ಯಾರು ಕಾಯ್ತಾರ?" ಎಂದಳು.

ಮಾರನೆಯ ದಿನ ಹೋಗಿ ತೊಗಲಿನ ಚೀಲ ಕೊಂಡೆ. ನಾಚಿಕೆಗೆಟ್ಟ ಕೆಲಸ, ಆದರೂ ಕೊಂಡೆ. ಕಾಲಿಗೆ ಬೀಳುವ ಬೇರೆ ರೀತಿಯನ್ನೂ ಕಲಿತೆ: ಸೊಂಟ ಬಗ್ಗಿಸದೆ, ಮೊದಲು ಒಂದು ಮೊಣಕಾಲೂರಿ, ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಎಡಗೈಯಲ್ಲಿ ಮಾತ್ರ ಪಾದ ಮುಟ್ಟುವುದು. ದೀಪಾವಳಿಗೆ ಅಕ್ಕನಿಗೆ ಹಾಗೇ ನಮಸ್ಕಾರ ಮಾಡಿದೆ. ಎಡಗೈಯಲ್ಲಿ ಮುಟ್ಟಿದ್ದನ್ನೂ ಅವಳು ನೋಡಿದಳು. ಅವಳ ಮಗ ಅಲ್ಲೇ ಕಂಬದ ಬಳಿ ನಿಂತು ನೋಡುತ್ತಿದ್ದ.

ಚಳಿಗಾಲ ಕಳೆಯಿತು. ಕೋರ್ಟಿನಲ್ಲಿ ದಿನಾಂಕ ಎರಡು ಸಲ ಮುಂದಕ್ಕೆ ಹೋಯಿತು. ಯುಗಾದಿಯ ಬೆಳಿಗ್ಗೆ ಅವನು ಸತ್ಯನಾರಾಯಣಪೇಟೆಗೆ, ನಮ್ಮ ಮನೆಗೆ ಬಂದ. ಹೊಸ ಅಂಗಿ ಹಾಕಿದ್ದ. ಇನ್‌ಶರ್ಟ್ ಮಾಡಿರಲಿಲ್ಲ.

ಸೆಕೆ ಇರಬೇಕು ಎಂದುಕೊಂಡೆ. ಬೇರೆಯವರಿಗೆ ಹೇಳಿ ಹೇಳಿ ಆ ಸುಳ್ಳು ನನಗೇ ರೂಢಿಯಾಗಿತ್ತು. ಅವನು ನನ್ನ ಮುಂದೆ ಬಂದ. ಸೊಂಟ ಬಗ್ಗಿಸಲಿಲ್ಲ. ಮೊದಲು ಒಂದು ಮೊಣಕಾಲೂರಿದ. ಬಲಗೈಯನ್ನು ಪಕ್ಕೆಗೆ ಒತ್ತಿ ಹಿಡಿದ. ಎಡಗೈ ಬೆರಳುಗಳಿಂದ ನನ್ನ ಪಾದ ಮುಟ್ಟಿದ.

ಪ್ರತಿ ವರ್ಷ ಅವನ ತಲೆ ಮೇಲೆ ಕೈಯಿಟ್ಟು ನೂರು ವರ್ಷ ಬಾಳು ಎನ್ನುತ್ತಿದ್ದೆ. ಕೈ ಇಟ್ಟೆ, ಬಾಯಿ ಬರಲಿಲ್ಲ. ಪರವಾನಗಿ ಇಲ್ಲದ್ದನ್ನು ಯಾರಿಂದ ತಂದನೋ, ಯಾರಿಗಾಗಿ ತಂದನೋ. ಎರಡನೆಯದು ನನಗೆ ಗೊತ್ತಿತ್ತು.

"ತೆಗಿ ಅದನ್ನ," ಎಂದೆ, ಒಳಗಿದ್ದ ಹೆಂಡತಿಗೆ ಕೇಳಿಸದ ಹಾಗೆ.

ಅವನು ತಲೆ ಎತ್ತಿ ನೋಡಿದ. ಕಾಲುವೆಯ ದಂಡೆಯ ಮೇಲೆ ಅತ್ತಿದ್ದ ಅದೇ ಕಣ್ಣು. ಈಗ ನೀರಿರಲಿಲ್ಲ.

"ಮೊದಲು ನೀವು ತೆಗೀರಿ ಮಾಮ," ಎಂದ.

ನನ್ನ ಕೈ ಸೊಂಟದವರೆಗೆ ಹೋಯಿತು. ಅಂಗಿಯ ಮೇಲಿಂದಲೇ ಅದರ ಗಟ್ಟಿ ಅಂಚು ಬೆರಳಿಗೆ ಸಿಕ್ಕಿತು. ತೆಗೆದು ಅವನ ಮುಂದೆ ನೆಲದ ಮೇಲಿಟ್ಟರೆ ಅವನೂ ಇಡುತ್ತಿದ್ದನೇನೋ. ತೆಕ್ಕಲಕೋಟೆಯ ದಾರಿ ನೆನಪಾಯಿತು, ಮೊಣಕಾಲಿಗೆ ತಾಗುವಂತೆ ಬಂದ ಬೈಕು ನೆನಪಾಯಿತು. ನಾನು ತೆಗೆಯಲಿಲ್ಲ.

ಅಷ್ಟರಲ್ಲಿ ಹೆಂಡತಿ ಎರಡು ಬಟ್ಟಲಲ್ಲಿ ಬೇವು ಬೆಲ್ಲ ತಂದು, "ಕೂತ್ಕೊಳ್ರಿ ಇಬ್ಬರೂ," ಎಂದಳು. ನಾವಿಬ್ಬರೂ ಬೆನ್ನು ನೆಟ್ಟಗೆ ಮಾಡಿಕೊಂಡು ಎದುರುಬದುರು ಕೂತು ತಿಂದೆವು.